ಗಂಟಿಕ್ಕಿದ ಹುಬ್ಬು

ಮೊನ್ನೆ ಆಯಿಯ, ಅಂದರೆ ಅಮ್ಮನ, ರಕ್ತಪರೀಕ್ಷೆಯ ವರದಿ ತರಲು ಅಂಕೋಲೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ, ಹುಬ್ಬು ಗಂಟಿಕ್ಕಿಕೊಂಡು ಏನನ್ನೋ ಓದುತ್ತಿದ್ದಳು. ನನ್ನ ಮುಂದಿದ್ದ ಅಜ್ಜಿ ಆ ಮುಖ ನೋಡಿದವಳೇ ಕೌಂಟರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

"ಎಂತ ಬಂದದೆ ಮಗಾ? ದೊಡ್ಡ ಕಾಯ್ಲೆನೇ? ಇದ್ದದ್ದು ಇದ್ದಾಂಗೆ ಹೇಳ್ಬಿಡು."

"ಎಂತದೂ ಇಲ್ಲ ಅಜ್ಜಿ, ಅಕ್ಷರ ಸಮಾ ಕಾಣ್ತಿಲ್ಲ."

ಅಜ್ಜಿ ನಂಬಲಿಲ್ಲ. ವರದಿ ಕೈಗೆ ಬಂದು, ಎಲ್ಲ ಸರಿಯಾಗಿದೆ ಎಂದು ಹುಡುಗಿ ಓದಿ ಹೇಳಿದ ಮೇಲೂ ನನ್ನ ಕಡೆ ತಿರುಗಿ, "ಬಾಯಲ್ಲಿ ಹೇಳೂಕೆ ಅವಳಿಗೆ ಮನಸ್ಸು ಬರ್ಲಿಲ್ಲ, ಮುಖ ಹೇಳ್ತು" ಎಂದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ವರದಿ ತೆಗೆದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟೆ. ಕಾರವಾರದ ಟಿವಿ ಚಾನೆಲ್ ಒಂದರಲ್ಲಿ ನಾನು ಸುದ್ದಿ ಓದುತ್ತಿದ್ದ ಆ ಒಂದು ಮಳೆಗಾಲ ಕಣ್ಣ ಮುಂದೆ ಬಂತು.

ಚಾನೆಲ್ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಕಾರವಾರದ ಬೇಕರಿಯೊಂದರ ಮೇಲೆ ಎರಡು ಕೋಣೆ. ಒಂದರಲ್ಲಿ ಮೋಹನ ಸರ್, ಅಂದರೆ ನಮ್ಮ ಮಾಲೀಕರು, ಸಂಪಾದಕರು, ವರದಿಗಾರರು ಎಲ್ಲ ಅವರೇ. ಇನ್ನೊಂದು ಸ್ಟುಡಿಯೋ. ಅದಕ್ಕೆ ಕಿಟಕಿ ಇರಲಿಲ್ಲ. ಗೋಡೆಗೆ ನೀಲಿ ಬಟ್ಟೆ, ಮುಂದೊಂದು ಮೇಜು, ಮೇಜಿನ ಹಿಂದೆ ನಾನು. ಮಳೆಗಾಲದಲ್ಲಿ ಆ ಬಟ್ಟೆಯ ಮುಗ್ಗಲು ವಾಸನೆಗೆ ಕೆಳಗಿನ ಬೆಣ್ಣೆ ಬಿಸ್ಕತ್ತಿನ ಘಮ ಸೇರಿ ಒಂದು ವಿಚಿತ್ರ ಹಸಿವು ಹುಟ್ಟುತ್ತಿತ್ತು. ಕ್ಯಾಮೆರಾ, ಲೈಟು, ಕಂಪ್ಯೂಟರು ಎಲ್ಲ ನೋಡಿಕೊಳ್ಳುತ್ತಿದ್ದವನು ರೋಶನ್. ದಿನಾ ಮಧ್ಯಾಹ್ನ ಒಂದು ಗಂಟೆಗೆ ನೇರವಾಗಿ ಸುದ್ದಿ. ಊರ ಸುದ್ದಿ, ನಡುವೆ ಬಟ್ಟೆ ಅಂಗಡಿಯ ರಿಯಾಯಿತಿ, ಕೊನೆಗೆ ಮೀನುಗಾರರಿಗೆ ಹವಾಮಾನದ ಸೂಚನೆ.

ಅಲ್ಲಿಯವರೆಗೆ ನಾನು ಕಾಗದ ನೋಡಿ ಓದುತ್ತಿದ್ದೆ. ಆದರೆ ನೋಡುವವರಿಂದ ದೂರು ಬಂತು, ಈ ಹುಡುಗಿ ಅಕ್ಕಿ ಆರಿಸುವವರ ಹಾಗೆ ತಲೆ ಬಗ್ಗಿಸಿಕೊಂಡೇ ಇರುತ್ತಾಳೆ, ಮುಖವೇ ಕಾಣುವುದಿಲ್ಲ ಎಂದು. ಮಳೆ ಹಿಡಿಯುವ ಹೊತ್ತಿಗೆ ಮೋಹನ ಸರ್ ಎಲ್ಲಿಂದಲೋ ಒಂದು ಅಗಲ ಪರದೆಯ ಮಾನಿಟರ್ ತಂದರು. ಕ್ಯಾಮೆರಾದ ಕೆಳಗೇ ಒಂದು ಸ್ಟೂಲು ಹಾಕಿ ಕೂರಿಸಿದರು. ಸುದ್ದಿ ಅದರ ಮೇಲೆ ಬರುತ್ತದೆ, ರೋಶನ್ ಮೌಸ್ ಹಿಡಿದು ಮೇಲೆ ಸರಿಸುತ್ತಾನೆ, ನೀನು ತಲೆ ಎತ್ತಿ ಓದು ಎಂದರು.

ತಲೆ ಎತ್ತಿದೆ. ಆದರೆ ಓದಬೇಕಲ್ಲ! ಪರದೆಯ ಮೇಲೆ ಅಕ್ಷರಗಳು ಇದ್ದವು ಎನ್ನುವುದು ನಿಜ. ಆದರೆ ಒಂದರ ಅಂಚು ಇನ್ನೊಂದಕ್ಕೆ ಹರಿದು, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂತು, ಒದ್ದೆ ಕಾಗದದ ಮೇಲಿನ ಶಾಯಿಯಂತೆ ಕಾಣುತ್ತಿದ್ದವು. ಕಣ್ಣು ಕಿರಿದು ಮಾಡಿದರೆ ಒಂದಿಷ್ಟು ತಿಳಿಯುತ್ತಿತ್ತು. ಹುಬ್ಬು ಗಂಟಿಕ್ಕಿದರೆ ಇನ್ನೊಂದಿಷ್ಟು. ಹಾಗೆ ಮಾಡಿಕೊಂಡೇ ಓದತೊಡಗಿದೆ.

ಕಣ್ಣಿಗೆ ಏನೋ ಬಂತು ಎಂದು ನನಗೆ ಭಯ. ಯಾಕೆಂದರೆ ರೋಶನ್ ಅದೇ ಪರದೆ ನೋಡಿ, "ಕಾಣ್ತದಲ್ಲ ಶೀಲಕ್ಕಾ, ಸ್ವಲ್ಪ ಮಸುಕು ಅಷ್ಟೇ" ಎನ್ನುತ್ತಿದ್ದ. ಅವನು ಮಾನಿಟರಿನ ಪಕ್ಕದಲ್ಲೇ ನಿಲ್ಲುವವನು, ನಾನು ಮೇಜಿನ ಆಚೆ ಕೂರುವವಳು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಣ್ಣಿನ ಡಾಕ್ಟರರ ಹತ್ತಿರ ಹೋದೆ. ಅವರು ಗೋಡೆಯ ಮೇಲಿನ ಅಕ್ಷರ ಓದಿಸಿ, ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಏನೂ ಆಗಿಲ್ಲ ಎಂದರು. ಏನಾದರೂ ಆಗಿದ್ದರೆ ಕನ್ನಡಕ ಹಾಕಿಕೊಂಡು ಸುಮ್ಮನಿರಬಹುದಿತ್ತು. ಏನೂ ಆಗಿಲ್ಲ ಎಂದ ಮೇಲೆ ತಲೆ ಇನ್ನೂ ಕೆಟ್ಟಿತು. ಮನೆಯಲ್ಲಿ ಆಯಿ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಮರುದಿನ ಕ್ಯಾಮೆರಾದ ಮುಂದೆ ಕೂದಲು ಮಿಂಚಿತೇ ಹೊರತು ಅಕ್ಷರ ಮಿಂಚಲಿಲ್ಲ.

ಮೋಹನ ಸರ್ ಅಕ್ಷರ ದೊಡ್ಡದು ಮಾಡಿಸಿದರು. ಸಾಲಿಗೆ ಎರಡೇ ಪದ ಹಿಡಿದು, ರೋಶನ್ ಸರಿಸುವ ವೇಗಕ್ಕೆ ನಾನು ಓಡಿ ಓಡಿ ಓದಿ, ನಗರಸಭೆಯ ಸುದ್ದಿಯಲ್ಲೇ ದಮ್ಮು ಕಟ್ಟಿತು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಮಾಡಿದರು. ಅಕ್ಷರಗಳ ಸುತ್ತ ಬೆಳಕಿನ ಬಳೆ ಮೂಡಿ, ಓದಿ ಮುಗಿಸಿ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಸಾಲುಗಳು ಹರಿದಾಡಿದವು. ಹಳದಿ ಮಾಡಿದರು. ಹಸಿರು ಮಾಡಿದರು. ಬೆಳಕು ಹೆಚ್ಚಿಸಿದರೆ ಕಣ್ಣಲ್ಲಿ ನೀರು, ತಗ್ಗಿಸಿದರೆ ಕತ್ತಲು. ಅವರಿಗೆ ಮದುವೆ ಕರೆಯೋಲೆಯಲ್ಲಿ ಇರುವಂಥ ಬಳುಕುವ ಅಕ್ಷರಗಳ ಮೇಲೆ ಪ್ರೀತಿ ಬೇರೆ. ಅದನ್ನು ಬಿಡಿ ಎಂದರೆ, "ನೋಡೂಕೆ ಚಂದ ಬೇಡ್ವಾ ಹಾಗಾದ್ರೆ?" ಎನ್ನುತ್ತಿದ್ದರು. ಆ ಪರದೆಯನ್ನು ನೋಡುವವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಎಂದು ಅವರಿಗೆ ಹೇಗೆ ತಿಳಿಸುವುದು?

ಬಟ್ಟೆ ಅಂಗಡಿಯವರು ಫೋನು ಮಾಡಿದರು. ಸೀರೆಯ ರಿಯಾಯಿತಿಯನ್ನು ಸಾವಿನ ಸುದ್ದಿಯ ಹಾಗೆ ಓದುತ್ತಾಳೆ ಎಂದು. ಮೋಹನ ಸರ್ ನನ್ನನ್ನು ಕರೆದು, "ಯಾರ ಮೇಲೆ ಸಿಟ್ಟು ಶೀಲಾ?" ಎಂದು ಕೇಳಿದರು. ಸಿಟ್ಟಿಲ್ಲ ಸರ್ ಎಂದೆ, ಸಿಟ್ಟಿನಲ್ಲೇ.

ನನ್ನ ಮನೆ ಮಾಜಾಳಿಯಲ್ಲಿ, ಕಡಲಿಗೆ ತಾಗಿ. ಅರ್ಧ ಕೊಂಕಣಿ, ಅರ್ಧ ಕನ್ನಡ ಮಾತಾಡುವ ಮನೆ. ಅಪ್ಪ ಹೋದ ಮೇಲೆ ದೋಣಿ ದಾದಾನ ಪಾಲಿಗೆ ಬಂದಿತ್ತು. ದಾದಾ ಎಂದರೆ ನನ್ನ ಅಣ್ಣ ಗಣಪತಿ. ದೋಣಿ ನಡೆಸುವ ತಾಂಡೇಲ ಮಾತ್ರ ನಾರಾಯಣ ಮಾಮಾ, ಆಯಿಯ ತಮ್ಮ. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ನಮ್ಮಂಥ ಸಣ್ಣ ದೋಣಿಯವರು ಅಲೆ ಸ್ವಲ್ಪ ತಗ್ಗಿದ ದಿನ ನೋಡಿ, ದಡದ ಸಮೀಪದಲ್ಲೇ ಬಲೆ ಬಿಟ್ಟು ಸಿಗಡಿ ಹಿಡಿದು ಬರುತ್ತಾರೆ. ಆ ಸಲ ನಮ್ಮ ಕೇರಿಯವರು ಹೋಗುತ್ತಲೇ ಇರಲಿಲ್ಲ. ಮರಳಿನ ಮೇಲೆ ದೋಣಿಗಳು ತೆಂಗಿನ ಮಡಲು ಹೊದ್ದುಕೊಂಡು ಮಲಗಿದ್ದವು. ದಾದಾ ಹೊಲಿದ ಬಲೆಯನ್ನೇ ಮತ್ತೆ ಹೊಲಿಯುತ್ತ ಕೂತಿರುತ್ತಿದ್ದ.

ಸಂಜೆ ಬಸ್ಸಿಳಿದು ಬರುವಾಗ ಹೆಂಗಸರು ಬಾಯ್, ಅಂದರೆ ತಂಗೀ, ಎಂದು ಕರೆದು ನನ್ನನ್ನು ನಿಲ್ಲಿಸುತ್ತಿದ್ದರು. "ಭಾರೀ ಜೋರದೆ ಹೇಳಿ ಕಾಣ್ತದಲ್ಲೇ ಬಾಯ್?"

"ಎಂತದು?"

"ಗಾಳಿನೇ. ನಿನ್ನ ನೋಡಿದ್ವಲ್ಲ ಮಧ್ಯಾಹ್ನ."

ನಾನು ಓದಿದ ಸೂಚನೆ ಕೇಳಿ ಜನ ಎಚ್ಚರಿಕೆಯಿಂದ ಇದ್ದಾರೆ ಎಂದುಕೊಂಡೆ. ಸುಳ್ಳು ಯಾಕೆ, ಹೆಮ್ಮೆಯೇ ಆಯಿತು. ಒಂದು ದಿನ ದಾದಾ ರೇಗಿದ, ದೇವಬಾಗದವರು ಹೋಗಿ ಬುಟ್ಟಿ ತುಂಬ ತಂದಿದ್ದಾರೆ, ನಾವು ಮಾತ್ರ ಹೀಗೆ ಕೂತಿದ್ದೇವೆ ಎಂದು. ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ನಾರಾಯಣ ಮಾಮಾ ಶಾಂತವಾಗಿ ಹೇಳಿದ, "ಅವರ ಮನೆ ಹುಡುಗಿ ಸುದ್ದಿ ಓದೂದಿಲ್ಲ. ಅವರಿಗೆ ಹೇಗೆ ಗೊತ್ತಾಗ್ತದೆ?" ಅಡುಗೆಮನೆಯಿಂದ ವೈನಿ, ಅಂದರೆ ದಾದಾನ ಹೆಂಡತಿ, ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟಳು. ಒಣಮೀನು ತಿಂದು ತಿಂದು ಅವಳಿಗೂ ಸಾಕಾಗಿತ್ತು.

ಆಮೇಲೆ ಒಂದು ದಿನ, ಬೆಳಿಗ್ಗೆ ವರದಿಯೂ ಇಲ್ಲ, ಜಾಹೀರಾತೂ ಇಲ್ಲ, ರೋಶನ್ ಮತ್ತು ನಾನು ಮಾನಿಟರಿನ ಮುಂದೆ ಹಟ ಹಿಡಿದು ಕೂತೆವು. ಅವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಓದು ಎಂದೆ. ಅವನೂ ಹುಬ್ಬು ಗಂಟಿಕ್ಕಿದ. ನನಗೆ ಎಷ್ಟು ಸಮಾಧಾನವಾಯಿತು ಎಂದರೆ ಕೆಳಗೆ ಹೋಗಿ ಬಿಸ್ಕತ್ತು ತಂದು ಕೊಟ್ಟೆ. ತಿನ್ನುತ್ತ ಅವನು ಸೆಟ್ಟಿಂಗ್ ಒಂದೊಂದೇ ತೆಗೆದು ನೋಡಿದ. ಪರದೆಗೆ ಅದರದ್ದೇ ಒಂದು ಅಳತೆ ಇರುತ್ತದೆಯಂತೆ. ನಮ್ಮ ಕಂಪ್ಯೂಟರು ಹಳೆಯ ಪರದೆಯ ಅಳತೆಯಲ್ಲೇ ಚಿತ್ರ ಕಳಿಸುತ್ತಿತ್ತು. ಸಣ್ಣ ಅಂಗಿಯನ್ನು ದೊಡ್ಡ ಮೈಗೆ ಎಳೆದು ತೊಡಿಸಿದ ಹಾಗೆ ಅಕ್ಷರ ಹಿಗ್ಗಿ ಮಸುಕಾಗುತ್ತಿತ್ತು. ಅಳತೆ ಸರಿ ಮಾಡಿದ. ಒಮ್ಮೆ ಕಣ್ಣು ಮಿಟುಕಿಸಿದ ಹಾಗಾಗಿ ಪರದೆ ಕಪ್ಪಾಯಿತು, ಮತ್ತೆ ಬಂತು. ಅಕ್ಷರಗಳ ಅಂಚು ಗೆರೆ ಎಳೆದ ಹಾಗೆ ನಿಂತಿತ್ತು.

ಮತ್ತೆ ನಮ್ಮನ್ನು ಹಿಡಿಯುವವರು ಯಾರು? ಬಳುಕುವ ಅಕ್ಷರ ತೆಗೆದು ದಪ್ಪನೆಯ ಸಾದಾ ಅಕ್ಷರ ಹಾಕಿದೆವು. ಸಾಲಿನಿಂದ ಸಾಲಿಗೆ ಜಾಗ ಬಿಟ್ಟೆವು. ಒತ್ತಕ್ಷರಗಳು ಕಾಲು ಚಾಚಿ ಕೂರುವಷ್ಟು. ಒಂದು ಉಸಿರಿಗೆ ಓದುವಷ್ಟೇ ಪದ ಒಂದು ಸಾಲಿಗೆ. ಕಣ್ಣು ಚುಚ್ಚುವ ಬಿಳಿಗೆ ಬದಲು ಹಾಲಿಗೆ ಒಂದು ಹನಿ ಚಹಾ ಬಿದ್ದಂಥ ಬಣ್ಣ, ಅದರ ಮೇಲೆ ಕಪ್ಪು ಅಕ್ಷರ. ಪರದೆಯಲ್ಲಿ ಪ್ರತಿಬಿಂಬ ಬೀಳುತ್ತಿದ್ದ ಟ್ಯೂಬ್‌ಲೈಟನ್ನು ಆರಿಸಿ, ಸ್ಟೂಲನ್ನು ಒಂದು ಕೈಯಳತೆ ಮುಂದೆ ಎಳೆದೆವು. ಮೋಹನ ಸರ್ ಬಂದು, ಚಂದವೇ ಇಲ್ಲ ಎಂದರು. ಓದಿ ನೋಡಿ ಸರ್ ಎಂದೆ. ಓದಿದರು. ಇರಲಿ ಬಿಡು ಎಂದು ತಮ್ಮ ಕೋಣೆಗೆ ಹೋದರು.

ಅಂದಿನ ಸುದ್ದಿ ಓದಿದ ಸುಖ ನಾನು ಹೇಳಲಾರೆ. ಓದುತ್ತಿದ್ದೇನೆ ಎನಿಸಲೇ ಇಲ್ಲ, ಮೊದಲ ಬಾರಿಗೆ ಯಾರ ಜೊತೆಗೋ ಮಾತಾಡುತ್ತಿದ್ದೇನೆ ಎನಿಸಿತು. ಹುಬ್ಬು ಸಡಿಲವಾಗಿತ್ತು. ಸೀರೆಯ ರಿಯಾಯಿತಿ ಓದುವಾಗ ನಗು ತಾನಾಗಿ ಬಂತು, ಬಂದ ನಗು ಹೋಗದೆ ಕೊನೆಯವರೆಗೂ ಉಳಿಯಿತು. "ವಾಯುವ್ಯದಿಂದ ಬಲವಾದ ಗಾಳಿ ಬೀಸುವ ಸಾಧ್ಯತೆ ಇದ್ದು, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು" ಎಂದು ಒಂದಕ್ಷರ ತಡವರಿಸದೆ, ಸ್ಪಷ್ಟವಾಗಿ ಓದಿದೆ. ಬಟ್ಟೆ ಅಂಗಡಿಯವರು ತಾವೇ ಫೋನು ಮಾಡಿ ಹೊಗಳಿದರು.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಕಿಟಕಿ ಇಲ್ಲದ ಕೋಣೆಯಲ್ಲಿ ನನಗೆ ತಿಳಿಯಲಿಲ್ಲ. ಸಂಜೆ ಬಸ್ಸು ಕಾಳಿ ಸೇತುವೆ ದಾಟುವಾಗ ಒಮ್ಮೆ ಪಕ್ಕಕ್ಕೆ ವಾಲಿದ ಹಾಗಾಯಿತು. ಮಾಜಾಳಿಯಲ್ಲಿ ಇಳಿದರೆ ಕೇರಿಯೇ ಕಡಲ ದಂಡೆಯಲ್ಲಿ ನಿಂತಿತ್ತು. ಮಡಲಿನ ಕೆಳಗೆ ನಮ್ಮ ದೋಣಿ ಇರಲಿಲ್ಲ.

ದಾದಾ, ನಾರಾಯಣ ಮಾಮಾ ಇಬ್ಬರೂ ಸುದ್ದಿ ಮುಗಿದದ್ದೇ ಹೊರಟಿದ್ದರು. ಉಳಿದ ದೋಣಿಗಳು ಸಿದ್ಧವಾಗುವಷ್ಟರಲ್ಲಿ ಗಾಳಿ ಬಂದದ್ದರಿಂದ ಅವರು ನಿಂತರು. ನಮ್ಮದು ಆಗಲೇ ಕಣ್ಣಿಗೆ ಕಾಣದಾಗಿತ್ತು. ವೈನಿ ಒದ್ದೆ ಸೀರೆಯಲ್ಲೇ ನನ್ನ ತೋಳು ಹಿಡಿದಳು.

"ನೀ ಎಂತಕ್ಕೆ ನಗ್ತಾ ಓದ್ದೆ?"

ನನಗೆ ಅರ್ಥವಾಗಲಿಲ್ಲ. "ಇಳೀಬಾರ್ದು ಹೇಳಿ ಓದಿದ್ನಲ್ಲ ವೈನಿ! ಸ್ಪಷ್ಟ ಓದಿದ್ದೆ."

"ಅದು ದಿನಾ ಓದ್ತೆ. ಮಳೆಗಾಲ ಪೂರಾ ಅದನ್ನೇ ಓದ್ತೆ. ಅದನ್ನು ಯಾರು ಕೇಳ್ತಾರೆ?"

ಆಯಿ ಬಿಡಿಸಿ ಹೇಳಿದಳು. ಹೇಳುವಾಗಲೂ ಕಣ್ಣು ಕಡಲ ಮೇಲೆಯೇ ಇತ್ತು. "ತಗಡಿನ ಮೇಲೆ ಮಳೆ ಹೊಡೀವಾಗ ಟಿವಿ ಮಾತು ಎಲ್ಲಿ ಕೇಳ್ತದೆ? ಕೇಳಿದ್ರೂ ಅದೇ ಮಾತು. ಅದನ್ನು ನಂಬಿದ್ರೆ ನಾಕ್ ತಿಂಗ್ಳು ಉಪಾಸ. ಅಲೆ ಒಡೆದು ದೋಣಿ ದಾಟಿಸೂವಾಗ ಹುಟ್ಟು ಹಾಕುವವ್ರು ಕಡ್ಲಿಗೆ ಬೆನ್ನು ಮಾಡಿ ಕೂತಿರ್ತಾರೆ. ಎದುರಿನ ಅಲೆ ಅವರಿಗೆ ಕಾಣ್ತದ್ಯಾ? ತಾಂಡೇಲ ಕೂಗಿದ್ದು ಕೇಳ್ತದ್ಯಾ? ಅವನ ಮುಖ ನೋಡೇ ಹುಟ್ಟು ಹಾಕೂದು. ನಿನ್ನ ಅಪ್ಪನೂ ಹಾಂಗೇ, ದಾದಾನೂ ಹಾಂಗೇ. ನಮ್ಮನೆ ಹುಡುಗಿ ಅಲ್ಲಿ ಕೂತದೆ, ಅವಳಿಗೆ ಎಲ್ಲ ಮೊದ್ಲೇ ಗೊತ್ತಾಗ್ತದೆ, ಬಾಯಲ್ಲಿ ಹೇಳೂಕೆ ಬಿಡದಿದ್ರೂ ಮುಖ ಹೇಳ್ತದೆ ಹೇಳಿ ನಿನ್ನ ನೋಡ್ತಿದ್ರು. ಇಷ್ಟು ದಿನ ಮುಖ ಗಂಟು ಹಾಕ್ಕಂಡಿದ್ದೆ, ಹೋಗ್ಲಿಲ್ಲ. ಇವತ್ತು ನಗ್ತಾ ಇದ್ದೆ."

ಅಕ್ಷರ ಕಾಣುತ್ತಿರಲಿಲ್ಲ ಆಯಿ, ಅದಕ್ಕೇ ಗಂಟು. ಇವತ್ತು ಅಕ್ಷರ ಕಂಡಿತು, ಅದಕ್ಕೇ ನಗು. ಇಷ್ಟನ್ನು ಹೇಳಲು ಬಾಯಿ ತೆರೆದೆ. ಆ ಗಾಳಿಯಲ್ಲಿ, ಆ ಹೆಂಗಸರ ನಡುವೆ, ಮಾನಿಟರು, ಸೆಟ್ಟಿಂಗು ಎಂದು ಏನು ಹೇಳಲಿ? ನಾನು ಮಾಡಿದ್ದು ತಪ್ಪೇ? ಓದಬೇಕಾದದ್ದನ್ನು ಚೆನ್ನಾಗಿ ಓದಿದ್ದೆ. ತಪ್ಪಲ್ಲ ಎನ್ನೋಣವೆಂದರೆ ದೋಣಿ ಇರಲಿಲ್ಲ. ನನ್ನ ಮುಖ ಇಷ್ಟು ದಿನ ನನ್ನದಾಗಿರಲೇ ಇಲ್ಲ ಎಂದು ಯೋಚಿಸಿ ಭಯವಾಯಿತು. ಹೆಂಗಸರು ಆಗಲೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಳಬಾರದು ಎಂದು ತಿರುಗಿ ನಿಂತು ಅತ್ತೆ.

ಬೆಳಿಗ್ಗೆ ಅಂಕೋಲೆಯ ಹಾರವಾಡದಿಂದ ಫೋನು ಬಂತು. ಗಾಳಿಗೆ ಎದುರು ನಿಲ್ಲಲಾಗದೆ ದೋಣಿಯನ್ನು ಅದರ ಜೊತೆಗೇ ಓಡಲು ಬಿಟ್ಟು, ಅರ್ಗಾದ ನೌಕಾನೆಲೆಯ ದೀಪಗಳನ್ನು ದೂರದಿಂದ ನೋಡುತ್ತ ದಾಟಿ, ಹಾರವಾಡದ ಮರಳಿಗೆ ಬಂದು ಬಿದ್ದಿದ್ದರು. ಇಬ್ಬರೂ ಬದುಕಿದ್ದರು. ದೋಣಿಯ ಒಂದು ಬದಿ ಸೀಳಿತ್ತು. ವೈನಿ ಮತ್ತು ನಾನು ಸಿಕ್ಕ ಬಸ್ಸು ಹತ್ತಿ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ.

ಯಾರದೋ ಮನೆಯ ಜಗುಲಿಯಲ್ಲಿ, ಯಾರದೋ ಲುಂಗಿ ಉಟ್ಟುಕೊಂಡು, ಇಬ್ಬರೂ ಗಂಜಿ ಕುಡಿಯುತ್ತ ಕೂತಿದ್ದರು. ದಾದಾನ ಅಂಗೈ ಹುಟ್ಟು ಹಿಡಿದು ಸುಲಿದಿತ್ತು. ನಾನು ಪರದೆಯ ಕಥೆಯನ್ನೆಲ್ಲ ಹೇಳಿದೆ. ಮಸುಕು, ಅಳತೆ, ದಪ್ಪ ಅಕ್ಷರ, ಎಲ್ಲ. ನಾರಾಯಣ ಮಾಮಾ ಗಮನವಿಟ್ಟು ಕೇಳಿದ.

"ಹಾಗಾದ್ರೆ ಅಷ್ಟು ದಿನ ನಿಂಗೆ ಎಂತದೂ ಗೊತ್ತಿರ್ಲಿಲ್ಲ?"

"ಇಲ್ಲ ಮಾಮಾ. ಬರೆದು ಕೊಟ್ಟದ್ದು ಓದ್ತಿದ್ದೆ ಅಷ್ಟೇ."

"ಮತ್ತೆ ನಿನ್ನೆ?"

"ನಿನ್ನೆನೂ ಇಲ್ಲ."

ಅವನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ದಾದಾ ಮಾತ್ರ ಬಟ್ಟಲು ಕೆಳಗಿಟ್ಟು ಹೇಳಿದ, "ನಿನ್ನ ಮೇಲೆ ಸಿಟ್ಟಿಲ್ಲ ನಂಗೆ. ಆದ್ರೆ ಒಂದು ಕೆಲಸ ಮಾಡು ಬಾಯ್. ಆ ಅಕ್ಷರ ಮೊದ್ಲು ಹೆಂಗಿತ್ತೋ ಹಾಂಗೇ ಮಾಡ್ಸು. ಸಿಗಡಿ ಸಿಗದಿದ್ರೆ ಸಾಯ್ಲಿ. ನೀ ಮುಖ ಗಂಟು ಹಾಕ್ಕಂಡಿದ್ದಾಗ ನಾವೆಲ್ಲ ಮನೇಲಿ ಇದ್ವು."

ಅಷ್ಟರಲ್ಲಿ ಮೋಹನ ಸರ್ ಫೋನು. ನಿನ್ನೆ ಓದಿದ್ದನ್ನು ಎಲ್ಲರೂ ಹೊಗಳುತ್ತಿದ್ದಾರೆ, ಇನ್ನು ಮುಂದೆ ಮುಖ ಹಾಗೆಯೇ ಪ್ರಸನ್ನವಾಗಿರಲಿ ಎಂದರು. ಹೂಂ ಎಂದೆ. ಮನೆಗೆ ಬಂದರೆ ಆಯಿ, ಆ ಕೆಲಸವೇ ಬೇಡ, ಬಿಟ್ಟುಬಿಡು ಎಂದಳು. ಅವಳಿಗೂ ಹೂಂ ಎಂದೆ. ಬಿಟ್ಟರೆ ನನ್ನ ಜಾಗದಲ್ಲಿ ಯಾರೋ ಸದಾ ನಗುವವಳು ಬಂದು ಕೂತರೆ? ಬಿಡದಿದ್ದರೆ ನಾನು ಯಾವ ಮುಖ ಹೊತ್ತು ಕೂರಲಿ? ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿ ನೋಡಿದೆ. ಬೇಕೆಂದೇ ಗಂಟಿಕ್ಕಿದ ಹುಬ್ಬು ಎಷ್ಟು ಸುಳ್ಳಾಗಿ ಕಾಣುತ್ತಿತ್ತೆಂದರೆ ನನಗೇ ಸಂಶಯ ಬಂತು, ಇದನ್ನು ನೋಡಿ ಯಾರು ನಿಲ್ಲುತ್ತಾರೆ ಎಂದು. ಮಸುಕು ಮಾಡು ಎಂದು ರೋಶನ್‌ಗೆ ಹೇಳಲು ಬಾಯಿ ಬರಲಿಲ್ಲ.

ಮತ್ತೆ ಹೋಗಿ ಅದೇ ಕುರ್ಚಿಯಲ್ಲಿ ಕೂತೆ. ಜೋರು ಮಳೆ. ದೋಣಿಯ ಸೀಳು ಮುಚ್ಚಿಸಿ ಊರಿಗೆ ತರುವವರೆಗಿನ ಕೆಲವು ದಿನ, ಆ ಮಳೆಗಾಲದಲ್ಲಿ ಮೊದಲ ಬಾರಿಗೆ, ಸೂಚನೆಯೇ ಬಂದಿರಲಿಲ್ಲ; ಅಂದು ಬಂದಿತ್ತು. ಅಕ್ಷರಗಳು ಒಂದೊಂದಾಗಿ ಮೇಲೇರಿ ಬಂದವು, ಅದೇ ದಪ್ಪ, ಅದೇ ಸ್ಪಷ್ಟ. ಬಲವಾದ ಗಾಳಿ. ಇಳಿಯಬಾರದು. ಅಕ್ಷರ ಇಷ್ಟು ಚೆನ್ನಾಗಿ ಕಾಣುತ್ತಿತ್ತು, ಅದರಾಚೆಗೆ ಕಡಲು ಹೇಗಿದೆ ಎಂಬುದು ಮಾತ್ರ ಏನೂ ಕಾಣುತ್ತಿರಲಿಲ್ಲ. ಓದಿ ಮುಗಿಸಿದೆ. ಮುಗಿಸಿದ ಮೇಲೆ ನಮಸ್ಕಾರ ಹೇಳಬೇಕಿತ್ತು. ಹೇಳದೆ ಪರದೆಯಿಂದ ಕಣ್ಣು ಎತ್ತಿ ನೇರವಾಗಿ ಕ್ಯಾಮೆರಾ ನೋಡಿದೆ.

"ಮಾಜಾಳಿಯವರಿಗೆ ಒಂದು ಮಾತು. ದಯಮಾಡಿ ನನ್ನ ಮುಖ ನೋಡಬೇಡಿ. ನನಗೆ ಕಡಲಿನದು ಏನೂ ಗೊತ್ತಿಲ್ಲ, ನಾನು ಬರೀ ಓದುವವಳು. ಮಾತು ಕೇಳಿ. ನಾರಾಯಣ ಮಾಮಾ, ದಾದಾ, ಮಾತು ಕೇಳಿ."

ರೋಶನ್ ಮೌಸ್ ಬಿಟ್ಟು ನನ್ನನ್ನೇ ನೋಡಿದ. ಮೋಹನ ಸರ್ ಬಾಗಿಲಿಗೆ ಬಂದು ನಿಂತರು, ಬೈಯಲಿಲ್ಲ. ನನಗೆ ಮಾತ್ರ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಹೇಳಬೇಕಾದದ್ದನ್ನು ಹೇಳಿದ್ದೆ, ಇನ್ನು ಅವರಿಗೆ ಬಿಟ್ಟದ್ದು.

ಸಂಜೆ ಮನೆಗೆ ಬಂದಾಗ ಮಳೆ ನಿಂತಿತ್ತು. ಕಡಲು ಹೊಳೆಯಷ್ಟು ಶಾಂತವಾಗಿತ್ತು. ಮಧ್ಯಾಹ್ನದಿಂದಲೂ ಹಾಗೆಯೇ ಇತ್ತಂತೆ. ಕೇರಿಯ ದೋಣಿಗಳೆಲ್ಲ ಮಡಲಿನ ಕೆಳಗೇ ಇದ್ದವು. ಆಯಿ ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟಳು.

"ಕೊನೆಗೆ ಎಂತದೋ ಜಾಸ್ತಿ ಹೇಳ್ದೆಯಲ್ಲ ಇವತ್ತು? ಮಳೆ ಸದ್ದಿಗೆ ಯಾರಿಗೂ ಒಂದಕ್ಷರ ಕೇಳ್ಲಿಲ್ಲ" ಎಂದಳು. "ಆದ್ರೆ ಆ ಮುಖ! ಅದನ್ನು ನೋಡಿ ಒಬ್ಬರೂ ದೋಣಿ ಮುಟ್ಲಿಲ್ಲ."